ಹಳೆ ಫೈಬರ್ ದೋಣಿ: ತೇಪೆ ಹಾಕುವ ಮೊದಲು ತಟ್ಟಿ ನೋಡಿ

ಹಳೆಯ ಫೈಬರ್ ದೋಣಿ ಕಡಿಮೆ ದುಡ್ಡಿಗೆ ಸಿಕ್ಕಿತು ಅಂದುಕೊಳ್ಳಿ. ರೆಸಿನ್, ಅಂದರೆ ಗಾಜಿನ ನಾರಿನ ಪದರಗಳನ್ನು ಬೆಸೆಯುವ ಅಂಟುದ್ರವ, ಅದರ ಡಬ್ಬಿ ತರೋಕೆ ಈಗಲೇ ಓಡಬೇಡಿ. ಮೊದಲು ಒಂದು ನಾಣ್ಯ ಸಾಕು. ತಳದ ಮೇಲೆ ಅದರ ಅಂಚಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾಗಿ ಕೇಳಿಸುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿದ್ದರೆ ಸದ್ದು ದಬ್ ಅಂತ ಸತ್ತುಹೋಗುತ್ತದೆ. ಅಲ್ಲಲ್ಲೇ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ಕಂಡ ಬಿರುಕಿಗಿಂತ ಈ ಗುರುತಿನ ಜಾಗ ಎಷ್ಟೋ ಸಲ ದೊಡ್ಡದಿರುತ್ತದೆ.

ತಳದಲ್ಲಿ ಸಣ್ಣ ಬೊಕ್ಕೆಗಳಿದ್ದರೆ ಒಂದನ್ನು ಚುಚ್ಚಿ ನೋಡಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಯಾಕಂದ್ರೆ ಒಳಗಿನ ದ್ರವ ಚಿಮ್ಮಬಹುದು. ವಿನೆಗರ್ ಥರ ಹುಳಿ ವಾಸನೆ ಬಂದರೆ ಅದು ಆಸ್ಮೋಸಿಸ್. ಹೊರಗಿನ ಜೆಲ್‌ಕೋಟ್, ಅಂದರೆ ದೋಣಿಯ ನುಣುಪಾದ ಮೇಲ್ಪದರ, ಪೂರ್ತಿ ನೀರು ತಡೆಯುವುದಿಲ್ಲ. ವರ್ಷಗಟ್ಟಲೆ ನೀರು ಸ್ವಲ್ಪಸ್ವಲ್ಪವೇ ಒಳಗೆ ಇಳಿದು, ಪಾಲಿಯೆಸ್ಟರ್ ರೆಸಿನ್ನಿನ ಕೆಲವು ಅಂಶಗಳನ್ನು ಕರಗಿಸಿ, ಆ ಸಾಂದ್ರ ದ್ರವ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ನೀರಿಗೆ ಹಾಕಿದ ಒಣದ್ರಾಕ್ಷಿ ಉಬ್ಬುತ್ತದಲ್ಲ, ಹಾಗೇ. ಬೊಕ್ಕೆ ಕೆರೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ಚೆನ್ನಾಗಿ ಒಣಗಿಸಿ. ಒಣಗಿದೆಯಾ ಅಂತ ತಿಳಿಯೋಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ಕಾಯೋಕೆ ದುಡ್ಡು ಬೇಕಿಲ್ಲ, ಆದರೆ ಜನ ಆತುರ ಪಡುವುದೇ ಇಲ್ಲಿ.

ಈಗ ಮುಖ್ಯ ವಿಷಯ. ಹೊಸ ದೋಣಿ ಕಟ್ಟುವಾಗ ರೆಸಿನ್ ಹಸಿ ಇರುವಾಗಲೇ ಮುಂದಿನ ಪದರ ಬೀಳುತ್ತದೆ, ಹಾಗಾಗಿ ಎರಡೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಹಳೆಯ ದೋಣಿಯಲ್ಲಿ ಆ ಭಾಗ್ಯ ಇಲ್ಲ. ಹೊಸ ತೇಪೆ ಬರೀ ಅಂಟಿನ ಬಲದಲ್ಲಿ ನಿಲ್ಲಬೇಕು. ಅದಕ್ಕೇ ತೂತಿನ ಸುತ್ತ ಅಂಚನ್ನು ಇಳಿಜಾರಾಗಿ ಉಜ್ಜುವುದು. ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಬಳಸುವ ಕೆಲಸಕ್ಕೆ ಸಾಮಾನ್ಯವಾಗಿ ದಪ್ಪದ 12 ಪಟ್ಟು ಅಗಲ ಇಡುತ್ತಾರೆ. ತಳ 5 ಮಿ.ಮೀ. ದಪ್ಪ ಇದ್ದರೆ ಸುತ್ತಲೂ 60 ಮಿ.ಮೀ. ಇಳಿಜಾರು. ನೋಡೋಕೆ ಗಾಬರಿಯಾಗುತ್ತದೆ, ಸಣ್ಣ ತೂತಿಗೆ ಇಷ್ಟು ಕೆರೆಯಬೇಕಾ ಅನಿಸುತ್ತದೆ. ಕೆರೆಯಲೇಬೇಕು. ಅಂಟು ಹಿಡಿಯುವ ಜಾಗ ಹೆಚ್ಚಾದಷ್ಟೂ ಹೊರೆ ಹಂಚಿಹೋಗುತ್ತದೆ. ಉಜ್ಜುವ ಮೊದಲೇ ಮೇಣ, ಜಿಡ್ಡನ್ನು ಒರೆಸಿಬಿಡಿ, ಇಲ್ಲದಿದ್ದರೆ ಉಜ್ಜಿದಂತೆಲ್ಲ ಅದು ಒಳಗೆ ಮೆತ್ತಿಕೊಳ್ಳುತ್ತದೆ. ಗಾಜಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ.

ರೆಸಿನ್ ಯಾವುದು? ಪಾಲಿಯೆಸ್ಟರ್ ಅಗ್ಗ, ಆದರೆ ಹಳೆಯ ಮೇಲ್ಮೈಗೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯಲ್ಲ. ನೀರಿನ ಮಟ್ಟದ ಕೆಳಗಿನ ತೂತಿಗೆ ನಾನಾದರೆ ಎಪಾಕ್ಸಿಯನ್ನೇ ಹಾಕುತ್ತೇನೆ. ಬೇಗ ಗಟ್ಟಿಯಾಗಲಿ ಅಂತ ಅದಕ್ಕೆ ಹಾರ್ಡನರ್ (ಗಟ್ಟಿಯಾಗಿಸಲು ಬೆರೆಸುವ ದ್ರವ) ಜಾಸ್ತಿ ಸುರಿಯಬೇಡಿ, ಅಳತೆ ತಪ್ಪಿದರೆ ಮೆತ್ತಗೇ ಉಳಿಯುತ್ತದೆ. ಸ್ವಲ್ಪಸ್ವಲ್ಪವೇ ಕಲಸಿ. ಕಪ್ಪಿನಲ್ಲಿ ಒಟ್ಟಿಗೆ ಬಿಟ್ಟರೆ ಅದರದೇ ಬಿಸಿಗೆ ಹೊಗೆಯಾಡಬಹುದು, ಅಗಲ ತಟ್ಟೆಗೆ ಸುರಿದರೆ ಬಿಸಿ ಹರಡಿಹೋಗಿ ಕೆಲಸಕ್ಕೆ ಸಮಯ ಸಿಗುತ್ತದೆ.

ಗಟ್ಟಿಯಾದ ಮೇಲೆ ಮೇಲ್ಮೈ ಜಿಡ್ಡುಜಿಡ್ಡಾಗಿದ್ದರೆ ನೀರಲ್ಲಿ ತೊಳೆದು ಆಮೇಲೆ ಉಜ್ಜಿ. ಕೊನೆಗೆ ಪೇಂಟ್ ಹೊಡೆಯಿರಿ, ಬಿಸಿಲಿಗೆ ಬರೀ ಎಪಾಕ್ಸಿ ತಾಳುವುದಿಲ್ಲ.