ಗರ್ಭನಿರೋಧಕ ಮಾತ್ರೆ ತಗೊಂಡ್ರೆ ಐಬಿಎಸ್ ಜಾಸ್ತಿ ಆಗುತ್ತಾ?

ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವು, ಉಬ್ಬರ, ಬೇಧಿ ಇಲ್ಲವೇ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ತೊಂದರೆ. "ಮೇಡಂ, ನನಗೆ ಐಬಿಎಸ್ ಇದೆ, ಮಾಲಾ ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬರ ಜಾಸ್ತಿ ಆಗಿದೆ, ಮಾತ್ರೆ ಬಿಟ್ಟುಬಿಡಲಾ?" ತಡೀರಿ, ಮೊದಲು ಇದನ್ನು ಓದಿ.

ಕೆಲವರಿಗೆ ಜಾಸ್ತಿ ಆಗುತ್ತದೆ, ಕೆಲವರಿಗೆ ಕಮ್ಮಿ ಆಗುತ್ತದೆ, ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಜಾರಿಕೊಳ್ಳೋ ಉತ್ತರ ಅಲ್ಲ ಇದು. ಕರುಳು ಹಾರ್ಮೋನಿನ ಮಾತು ಕೇಳುತ್ತದೆ, ಮಾತ್ರೆ ಇರಲಿ ಬಿಡಲಿ. ಮುಟ್ಟಿನ ಹಿಂದಿನ ವಾರ ಹೊಟ್ಟೆ ಬಿಗಿದುಕೊಂಡಿರುತ್ತದೆ, ಮುಟ್ಟಾದ ದಿನ ಬೆಳಿಗ್ಗೆ ಮೂರು ಸಲ ಓಡಬೇಕು, ಅಲ್ವಾ? ಮೊದಲನೆಯದರಲ್ಲಿ ಪ್ರೊಜೆಸ್ಟರಾನ್ ಕೈವಾಡ ಇದೆ, ಅದು ಕರುಳನ್ನು ನಿಧಾನ ಮಾಡುತ್ತದೆ. ಎರಡನೆಯದಕ್ಕೆ ಕಾರಣ ಪ್ರೊಸ್ಟಾಗ್ಲಾಂಡಿನ್. ಗರ್ಭಕೋಶವನ್ನು ಹಿಂಡುವ ಅದೇ ರಾಸಾಯನಿಕ ಪಕ್ಕದ ಕರುಳನ್ನೂ ಹಿಂಡುತ್ತದೆ. ಮಾತ್ರೆಯಿಂದ ಗರ್ಭಕೋಶದ ಒಳಪದರ ತೆಳುವಾಗಿ ಈ ಹಿಂಡಾಟ ಕಮ್ಮಿಯಾಗುತ್ತದೆ. ಹಾಗಾಗಿ ಮುಟ್ಟಿನ ಜೊತೆ ಬೇಧಿ ಆಗುವವರಿಗೆ ಇದು ಅನುಕೂಲವೇ ಆಗಬಹುದು. ಮಲಬದ್ಧತೆಯ ಐಬಿಎಸ್ ಇದ್ದವರಿಗೆ ಉಬ್ಬರ ಕಾಣಿಸಬಹುದು. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಗ್ಗುತ್ತದೆ.

ಇಷ್ಟು ಹೇಳಿದರೆ ಮುಗಿಯಬೇಕಿತ್ತು. ಆದರೆ ಪ್ರಶ್ನೆಯ ಹಿಂದೆ ಇನ್ನೊಂದು ನಂಬಿಕೆ ಕೂತಿರುತ್ತದೆ: ಮಾತ್ರೆ ಕರಗುವುದಿಲ್ಲ, ಹೊಟ್ಟೆಯಲ್ಲೇ ಒಂದರ ಮೇಲೊಂದು ಕೂತು ಗಂಟಾಗುತ್ತದೆ, ಅದಕ್ಕೇ ಉಬ್ಬರ. ಒಬ್ಬರು ನನ್ನೆದುರು ಕರ್ಚೀಫಿನಿಂದ ಶೀಟು ಬಿಚ್ಚಿ ತೋರಿಸಿದರು. ಮಧ್ಯದಲ್ಲಿ ನಾಲ್ಕು ಮಾತ್ರೆ ಹಾಗೇ ಉಳಿದಿದ್ದವು. ಯಾಕೆ? "ಅತ್ತೆ ಹರಳೆಣ್ಣೆ ಕೊಟ್ಟಿದ್ರು, ಹೊಟ್ಟೆ ಕ್ಲೀನ್ ಆಗ್ಲಿ ಅಂತ ಗ್ಯಾಪ್ ಬಿಟ್ಟೆ."

ಸ್ವಲ್ಪ ಲೆಕ್ಕ ಹಾಕೋಣ. ಮಾಲಾ-ಎನ್‌ನ ಒಂದು ಹಾರ್ಮೋನ್ ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಡಯೋಲ್ 0.03 ಮಿಲಿಗ್ರಾಂ. ಒಂದು ಶೀಟಿನಲ್ಲಿ ಇಂಥವು 21. ವರ್ಷಕ್ಕೆ 13 ಶೀಟು ಅಂದುಕೊಂಡರೂ ಒಟ್ಟು ಹಾರ್ಮೋನ್ 50 ಮಿಲಿಗ್ರಾಂ ದಾಟುವುದಿಲ್ಲ. ಮೂರ್ನಾಲ್ಕು ಅಕ್ಕಿಕಾಳಿನ ತೂಕ! ಇದರಲ್ಲಿ ಯಾವ ಗಂಟು ಕಟ್ಟುತ್ತೀರಿ? ಮಿಕ್ಕಿದ್ದೆಲ್ಲ ಸುಮ್ನೆ ಆಕಾರಕ್ಕೆ ಹಾಕಿರುವ ಪುಡಿ, ಅದೂ ಒಳಗೆ ಬಿಚ್ಚಿಕೊಳ್ಳುತ್ತದೆ. ಹಾರ್ಮೋನು ರಕ್ತಕ್ಕೆ ಸೇರಿ, ಲಿವರಿನಲ್ಲಿ ಒಡೆದು, ಮೂತ್ರ ಮತ್ತು ಮಲದಲ್ಲಿ ಹೊರಗೆ ಹೋಗುತ್ತದೆ. ಸಾಕ್ಷಿ ನಿಮ್ಮ ಹತ್ತಿರವೇ ಇದೆ. 21 ಮಾತ್ರೆ ಮುಗಿದು ಎರಡು ಮೂರು ದಿನಕ್ಕೆ ಮುಟ್ಟಾಗುತ್ತೀರಲ್ಲ, ಹಾರ್ಮೋನ್ ಇಳಿದಿದ್ದಕ್ಕೇ ಅದು. ಹೊಟ್ಟೆಯಲ್ಲಿ ಹಳೇ ಮಾತ್ರೆಗಳ ಗೋದಾಮು ಇದ್ದಿದ್ದರೆ ಆಗುತ್ತಿತ್ತಾ? ಅಷ್ಟೇಕೆ, ದಿನಾ ನುಂಗಿ ಅಂತ ನಾವು ಗಂಟಲು ಹರಿದುಕೊಳ್ಳುವುದೂ ಅದು ಉಳಿಯುವುದಿಲ್ಲ ಅಂತಲೇ.

ಶೀಟಿನ ಕೊನೆಯಲ್ಲಿ ಬೇರೆ ಬಣ್ಣದ 7 ಮಾತ್ರೆ ಇವೆಯಲ್ಲ, ಅವು ಹಾರ್ಮೋನೇ ಅಲ್ಲ, ಕಬ್ಬಿಣದ ಮಾತ್ರೆ. ಕಬ್ಬಿಣದಿಂದ ಮಲ ಗಟ್ಟಿಯಾಗಬಹುದು, ಹೊಟ್ಟೆ ತೊಳಸಬಹುದು, ಮಲ ಕಪ್ಪಗೂ ಆಗುತ್ತದೆ. ನಿಮ್ಮ ತೊಂದರೆ ಆ ವಾರಕ್ಕೇ ಸರಿಯಾಗಿ ಬರುತ್ತಿದ್ದರೆ ಬೈಯಬೇಕಾದ್ದು ಹಾರ್ಮೋನನ್ನಲ್ಲ. ಅದಕ್ಕೇ ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅನ್ನುವುದು: ನೋವು ಯಾವತ್ತು, ಮೋಷನ್ ಹೇಗಿತ್ತು, ಶೀಟಿನ ಎಷ್ಟನೇ ಮಾತ್ರೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಬೇಧಿ, ಇವು ಕಂಡರೆ ಕ್ಯಾಲೆಂಡರ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಪ್ರತಿ ಮುಟ್ಟಿಗೂ ಮಲ ವಿಸರ್ಜನೆಯೇ ಪ್ರಾಣ ಹೋಗುವಷ್ಟು ನೋಯುತ್ತಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ಬಗ್ಗೆ ಕೇಳಿ. ವರ್ಷಗಟ್ಟಲೆ ಅದನ್ನು ಗ್ಯಾಸ್ ಅಂದುಕೊಂಡವರು ಕಮ್ಮಿಯಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಮುಖ್ಯ. ಮಾತ್ರೆ ಹೊಟ್ಟೆಗೆ ಏನು ಮಾಡುತ್ತೆ ಅಂತ ಕೇಳುತ್ತೀರಿ, ಹೊಟ್ಟೆ ಮಾತ್ರೆಗೆ ಏನು ಮಾಡುತ್ತೆ? ಐಬಿಎಸ್‌ನ ದಿನನಿತ್ಯದ ಲೂಸ್ ಮೋಷನ್‌ಗೆ ಹೆದರಬೇಕಿಲ್ಲ. ಆದರೆ ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ನೀರಿನಂಥ ಬೇಧಿ ಒಂದು ದಿನ ದಾಟಿದರೆ ಅದನ್ನು ಮಾತ್ರೆ ತಪ್ಪಿದ ಲೆಕ್ಕಕ್ಕೇ ಹಾಕಿ: ಮಾತ್ರೆ ಮುಂದುವರಿಸಿ, ಹೊಟ್ಟೆ ಸರಿಯಾದ ಮೇಲೂ 7 ದಿನ ಕಾಂಡೋಮ್ ಬಳಸಿ. ಅಂದರೆ ಹರಳೆಣ್ಣೆ ಕುಡಿದು ನಾಲ್ಕು ಮಾತ್ರೆ ಬಿಟ್ಟ ಆಕೆ ಗರ್ಭ ನಿಲ್ಲುವುದಕ್ಕೆ ಎರಡೂ ಕಡೆಯಿಂದ ಬಾಗಿಲು ತೆಗೆದಿಟ್ಟಿದ್ದರು.

ಪದೇ ಪದೇ ಹೀಗಾಗುವವರು ಕರುಳಿನ ಹಾದಿ ಬಿಟ್ಟು ಬೇರೆ ದಾರಿ ಹಿಡಿಯಬಹುದು. ಅಂತರಾ ಇಂಜೆಕ್ಷನ್ 3 ತಿಂಗಳಿಗೊಮ್ಮೆ, ಆದರೆ ಒಮ್ಮೆ ಚುಚ್ಚಿದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ, ಒಗ್ಗದಿದ್ದರೆ ಕಾಯಲೇಬೇಕು. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಆದರೆ ಮುಟ್ಟಿನ ನೋವು, ಸ್ರಾವ ಹೆಚ್ಚಾಗಬಹುದು. ಲಖನೌದಲ್ಲಿ ಕಂಡುಹಿಡಿದ ಛಾಯಾ ಮಾತ್ರೆ ಕೂಡ ಹಾರ್ಮೋನ್ ಅಲ್ಲ. ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅದೂ ಬಾಯಿಂದಲೇ ಹೋಗಬೇಕು, ಆದ್ದರಿಂದ ಹರಳೆಣ್ಣೆ ಅದಕ್ಕೂ ಬೇಡ.