ಐಸೆನ್‌ಹೋವರ್ ಚೌಕ

ಇದು ತುರ್ತೇ? ಇದು ಮುಖ್ಯವೇ? ಈ ಎರಡು ಪ್ರಶ್ನೆಗಳಿಂದ ಕೆಲಸಗಳನ್ನು ನಾಲ್ಕು ಮನೆಗಳಿಗೆ ಹಂಚುವ ಕ್ರಮವೇ ಐಸೆನ್‌ಹೋವರ್ ಚೌಕ. ತುರ್ತೂ ಮುಖ್ಯವೂ ಆದದ್ದನ್ನು ಈಗಲೇ ಮಾಡಬೇಕು. ಮುಖ್ಯವಾದರೂ ತುರ್ತಲ್ಲದ್ದಕ್ಕೆ ದಿನ, ಹೊತ್ತು ಗೊತ್ತುಮಾಡಬೇಕು. ತುರ್ತಾದರೂ ಮುಖ್ಯವಲ್ಲದ್ದನ್ನು ಬೇರೆಯವರಿಗೆ ವಹಿಸಬೇಕು. ಎರಡೂ ಅಲ್ಲದ್ದನ್ನು ಕೈಬಿಡಬೇಕು.

ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ 1954ರ ಆಗಸ್ಟ್‌ನಲ್ಲಿ ಇವಾನ್‌ಸ್ಟನ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ, ತುರ್ತಿನ ಸಮಸ್ಯೆಗಳು ಮುಖ್ಯವಲ್ಲ, ಮುಖ್ಯವಾದವು ಎಂದೂ ತುರ್ತಲ್ಲ ಎಂಬರ್ಥದ ಮಾತು ಹೇಳಿದರು. ಅದೂ ತಮ್ಮದಲ್ಲ, ಕಾಲೇಜೊಂದರ ಮಾಜಿ ಅಧ್ಯಕ್ಷರದು ಎಂದು ಅವರೇ ತಿಳಿಸಿದ್ದರು. ನಾಲ್ಕು ಮನೆಗಳ ಚಿತ್ರ ಮನೆಮಾತಾದದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿ ಅವರ ಪುಸ್ತಕದಿಂದ.

ಚೌಕದ ತಿರುಳು ಎರಡನೆಯ ಮನೆಯಲ್ಲಿದೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರ ದಿನವನ್ನು ನೋಡಿ. ಬಿಸಿಯೂಟದ ಸಿಲಿಂಡರ್ ಮುಗಿದರೆ ಅದು ಮೊದಲ ಮನೆಯ ಕೆಲಸ. ಮಕ್ಕಳ ಹಸಿವು ಕಾಯುವುದಿಲ್ಲ. ಹಿಂದೆಯೇ ಕಳುಹಿಸಿದ ಅಂಕಿಅಂಶವನ್ನು ಹೊಸ ನಮೂನೆಯಲ್ಲಿ ಸಂಜೆಯೊಳಗೆ ಮತ್ತೆ ಕಳುಹಿಸಿ ಎಂಬ ಕರೆ ಮೂರನೆಯ ಮನೆಯದು. ಎಂಟನೆಯ ತರಗತಿಗೆ ಬಂದರೂ ಕನ್ನಡವನ್ನು ಸರಾಗವಾಗಿ ಓದಲಾರದ ಮಕ್ಕಳನ್ನು ಕೂರಿಸಿಕೊಂಡು ಓದಿಸುವುದು ಎರಡನೆಯ ಮನೆಗೆ ಸೇರುತ್ತದೆ. ಅದನ್ನು ಇಂದೇ ಮಾಡಿ ಎಂದು ಯಾರೂ ಫೋನ್ ಮಾಡುವುದಿಲ್ಲ, ನಾಳೆಗೆ ತಳ್ಳಿದರೆ ಯಾರೂ ಕಾರಣ ಕೇಳುವುದಿಲ್ಲ. ಆ ಮಕ್ಕಳು ಹತ್ತನೆಯ ತರಗತಿಗೆ ಬಂದು ಎಸ್ಎಸ್ಎಲ್‌ಸಿ ಪರೀಕ್ಷೆ ಹತ್ತಿರವಾದಾಗ ಅದೇ ಕೆಲಸ ಮೊದಲ ಮನೆಗೆ ಜಿಗಿಯುತ್ತದೆ. ಅಷ್ಟರಲ್ಲಿ ಕಲಿಸಲು ಇದ್ದ ಕಾಲವೇ ಕಳೆದಿರುತ್ತದೆ. ನನಗೆ ಈ ಚೌಕ ಬೆಲೆಬಾಳುವುದು ಇದನ್ನು ಮೊದಲೇ ಕಣ್ಣಿಗೆ ಕಾಣಿಸುವುದರಿಂದ.

ಆದರೆ ಮೂರನೆಯ ಮನೆಯ ಸಲಹೆ ಕೈಕೆಳಗೆ ಜನರಿರುವವರಿಗೆ ಮಾತ್ರ ಹೊಂದುತ್ತದೆ. ಗುಮಾಸ್ತರ ಹುದ್ದೆಯೇ ಖಾಲಿಯಿರುವ ಶಾಲೆಯಲ್ಲಿ ಯಾರಿಗೆ ವಹಿಸುವುದು? ಅಲ್ಲಿ ಬಿಡಿ ಮಾಹಿತಿಗಳನ್ನೆಲ್ಲ ಒಟ್ಟುಮಾಡಿ ಮಧ್ಯಾಹ್ನ ಒಂದೇ ಹೊತ್ತಿನಲ್ಲಿ ಮುಗಿಸುವುದು ಹೆಚ್ಚು ಪ್ರಾಯೋಗಿಕ. ಓದಿಸುವ ಕೆಲಸವನ್ನಂತೂ ವೇಳಾಪಟ್ಟಿಯಲ್ಲೇ ಬರೆದು, ಬೆಳಗಿನ ಮೊದಲ ಅವಧಿಯನ್ನು ಅದಕ್ಕೆಂದೇ ಮೀಸಲಿಡಬೇಕು. ಆ ಅವಧಿಯಲ್ಲಿ ಫೋನ್ ಬಂದರೆ, ತರಗತಿ ಮುಗಿದ ಮೇಲೆ ತಾವೇ ಕರೆ ಮಾಡುವುದಾಗಿ ಹೇಳುವ ಧೈರ್ಯವನ್ನು ಮುಖ್ಯೋಪಾಧ್ಯಾಯರು ತೋರಬೇಕಾಗುತ್ತದೆ. ಮೇಲಿನ ಅಧಿಕಾರಿಗಳು ಅದನ್ನು ಅವಿಧೇಯತೆ ಎಂದು ಎಣಿಸಬಾರದು.