ಗಾಲ್ಫ್ ಕಾರ್ಟ್‌ಗೆ ದುಡ್ಡು ಹುಟ್ಟುತ್ತದೆ, ವ್ಯಾನ್ ಡ್ರೈವರ್ ಸಂಬಳಕ್ಕೆ ಹುಟ್ಟುವುದಿಲ್ಲ

ಅಂಗವಿಕಲರಿಗೆ ಗಾಲ್ಫ್ ಕಲಿಸಬೇಕು ಎಂದು ಹೊರಟವರು ನನ್ನ ಆಫೀಸಿಗೆ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಇದು ಸಾಹುಕಾರರ ಆಟ. ಇದಕ್ಕೆ ಯಾರು ದುಡ್ಡು ಕೊಡ್ತಾರೆ?" ನಾನು ಚಾರ್ಟರ್ಡ್ ಅಕೌಂಟೆಂಟ್. ಬೆಂಗಳೂರಿನ ಟ್ರಸ್ಟ್‌ಗಳ ಲೆಕ್ಕ ನೋಡುವುದು, ಅವರು ಕಂಪನಿಗಳಿಗೆ ಕೊಡುವ ಪ್ರಸ್ತಾವಗಳನ್ನು ತಿದ್ದುವುದು ನನ್ನ ಕೆಲಸ. ಕೊಡುವವರು ಇದ್ದಾರೆ ಅಂತಲೇ ಹೇಳುತ್ತೇನೆ. ಆದರೆ ಅವರು ಕೊಡುವುದು ಫೋಟೊದಲ್ಲಿ ಚೆನ್ನಾಗಿ ಕಾಣುವ ವಸ್ತುವಿಗೆ, ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿಯಾದ ಗಾಲ್ಫ್ ಕಾರ್ಟ್‌ನಂಥದ್ದಕ್ಕೆ. ಕಾರ್ಯಕ್ರಮ ಉಳಿಯುವುದು ಫೋಟೊದಲ್ಲಿ ಕಾಣದ ಖರ್ಚಿನ ಮೇಲೆ. ಈ ಎರಡರ ನಡುವಿನ ಅಂತರವನ್ನು ಕಾಗದದ ಮೇಲೆ ಹೇಗೆ ಮುಚ್ಚುವುದು ಅನ್ನುವುದಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಆಟದ ವಿಷಯ, ಚಿಕ್ಕದಾಗಿ. ಗಾಲ್ಫ್‌ನಲ್ಲಿ ಚೆಂಡು ನಿಂತಿರುತ್ತದೆ. ಎದುರಾಳಿ ಮೈಮೇಲೆ ಬರುವುದಿಲ್ಲ. ಕೂತೂ ಹೊಡೆಯಬಹುದು, ಒಂದೇ ಕೈಯಲ್ಲೂ ಹೊಡೆಯಬಹುದು. ಕಣ್ಣು ಕಾಣದವರಿಗೆ ಪಕ್ಕದಲ್ಲಿ ಒಬ್ಬರು ನಿಂತು ದಿಕ್ಕು ಹೇಳಬಹುದು. ಬಂಕರ್ ಅನ್ನುವ ಮರಳುಗುಂಡಿಯಲ್ಲಿ ಹೊಡೆಯುವ ಮೊದಲು ಸ್ಟಿಕ್ ಮರಳಿಗೆ ತಾಗಿದರೆ ಬೇರೆಯವರಿಗೆ ದಂಡ, ಅಂಧ ಆಟಗಾರರಿಗೆ ಇಲ್ಲ. 2023ರ ಜನವರಿಯಿಂದ ಇದೆಲ್ಲ ಗಾಲ್ಫ್ ನಿಯಮಗಳ ಪುಸ್ತಕದಲ್ಲೇ 25ನೇ ನಿಯಮವಾಗಿ ಸೇರಿದೆ. ಕಿವುಡರ ಒಲಿಂಪಿಕ್ಸ್ ಆದ ಡೆಫ್ಲಿಂಪಿಕ್ಸ್‌ಗೆ ಗಾಲ್ಫ್ ಬಂದಿದ್ದು 2017ರಲ್ಲಿ. ಆ ವರ್ಷ ಭಾರತದ ದೀಕ್ಷಾ ಡಾಗರ್ ಬೆಳ್ಳಿ ಗೆದ್ದರು, 2022ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕೂಟದಲ್ಲಿ ಚಿನ್ನ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೀಕ್ಷಾ ಕೂಡ ಆಡಿದ್ದರು.

ಇನ್ನು ದುಡ್ಡಿಗೆ ಬರೋಣ. ಮೊದಲ ತೊಡಕು ಇಲ್ಲೇ ಇದೆ. ಗಾಲ್ಫ್ 2016ರಲ್ಲಿ ರಿಯೊದಿಂದ ಮತ್ತೆ ಒಲಿಂಪಿಕ್ಸ್‌ಗೆ ಬಂತು. ಪ್ಯಾರಾಲಿಂಪಿಕ್ಸ್‌ನಲ್ಲಿ ಮಾತ್ರ ಇಲ್ಲ. ಸರ್ಕಾರದ ಪ್ಯಾರಾ ಕ್ರೀಡಾ ಹಣ ಪದಕ ಬರುವ ಕಡೆಗೆ ಹರಿಯುತ್ತದೆ. 2023ರಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಪ್ಯಾರಾ ಕ್ರೀಡಾಕೂಟದಲ್ಲಿ ಏಳು ಆಟಗಳಿದ್ದವು, ಅದರಲ್ಲಿ ಗಾಲ್ಫ್ ಇರಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 30ನೇ ಕಲಂ ಕ್ರೀಡೆಯಲ್ಲಿ ಸಮಾನ ಅವಕಾಶ ಕೊಡಬೇಕು ಅನ್ನುತ್ತದೆ. ಪ್ರಸ್ತಾವದಲ್ಲಿ ಅದನ್ನು ಬರೆಯಿರಿ, ಆದರೆ ಅದೊಂದನ್ನೇ ನಂಬಿ ಬಜೆಟ್ ಹಾಕಬೇಡಿ. ಸದ್ಯಕ್ಕೆ ದೊಡ್ಡ ಬಾಗಿಲು ಅಂದರೆ ಕಂಪನಿಗಳ ಸಿಎಸ್‌ಆರ್, ಅಂದರೆ ಕಾನೂನಿನಂತೆ ಅವು ಸಮಾಜಕ್ಕೆ ಮಾಡಬೇಕಾದ ಖರ್ಚು.

2013ರ ಕಂಪನಿ ಕಾಯ್ದೆಯ 135ನೇ ಕಲಂ ಹಲವರಿಗೆ ಗೊತ್ತು. ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಅನ್ನುವುದು ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಅಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಎಂದಿದೆ. ಹಾಗಾಗಿ ಅಂಗವಿಕಲರ ಗಾಲ್ಫ್ ಆದರೂ ಅರ್ಜಿ ಹಾಕಬೇಕಾದ್ದು ಒಲಿಂಪಿಕ್ ಕ್ರೀಡೆಯ ತರಬೇತಿ ಎಂದು. "ಪ್ಯಾರಾಲಿಂಪಿಕ್ ಕ್ರೀಡೆ" ಎಂದು ಬರೆದರೆ ಕಂಪನಿಯ ಲೀಗಲ್ ವಿಭಾಗ ಒಂದೇ ಪ್ರಶ್ನೆಯಲ್ಲಿ ವಾಪಸ್ ಕಳಿಸುತ್ತದೆ, ಅವರು ಹೇಳುವುದೂ ಸರಿಯೇ. ಬೆನ್ನುಹುರಿಗೆ ಪೆಟ್ಟಾದವರ ಚೇತರಿಕೆಗಾಗಿ ಗಾಲ್ಫ್ ಬಳಸುತ್ತಿದ್ದರೆ ಆರೋಗ್ಯದ ಬಾಬತ್ತಿನಲ್ಲಿ ಹೋಗಿ. ವಿಶೇಷ ಮಕ್ಕಳ ಶಾಲೆಯ ಭಾಗವಾಗಿದ್ದರೆ ವಿಶೇಷ ಶಿಕ್ಷಣದ ಬಾಬತ್ತು. ಒಂದೇ ಪ್ರಸ್ತಾವಕ್ಕೆ ನಾಲ್ಕು ಬಾಬತ್ತು ಹಚ್ಚುವವರೂ ಇದ್ದಾರೆ. ಯಾವುದೋ ಒಂದು ತಾಗಲಿ ಅನ್ನುವ ಆಸೆ. ಓದುವವರಿಗೆ ನಿಮಗೇ ಖಚಿತ ಇಲ್ಲ ಅನಿಸುತ್ತದೆ, ಅಷ್ಟೇ.

ಚಾರಿಟಿ ಟೂರ್ನಮೆಂಟ್ ಬಗ್ಗೆ ಎರಡು ಮಾತು. ಬೆಳಗ್ಗೆ ಆಟ, ಮಧ್ಯಾಹ್ನ ಊಟ, ಬ್ಯಾನರ್ ತುಂಬ ಲೋಗೊ, ಕೊನೆಗೆ ದೊಡ್ಡ ಚೆಕ್ ಹಿಡಿದು ಫೋಟೊ. ಇದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾರಥಾನ್, ಪ್ರಶಸ್ತಿ, ಜಾಹೀರಾತಿನಂಥ ಒಂದು ದಿನದ ಕಾರ್ಯಕ್ರಮಗಳು ಅರ್ಹವಲ್ಲ ಎಂದು ಕೇಂದ್ರ ಸರ್ಕಾರ 2014ರ ಜೂನ್ ಸುತ್ತೋಲೆಯಲ್ಲೇ ಹೇಳಿದೆ. ತನ್ನ ಮಾಲಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವವನ್ನೂ ನಿಯಮಗಳು ಹೊರಗಿಟ್ಟಿವೆ. ಟೂರ್ನಮೆಂಟ್ ಹಣ ಕಂಪನಿಯ ಮಾರ್ಕೆಟಿಂಗ್ ಬಜೆಟ್‌ನಿಂದ ಬರಬೇಕು. ಬಂದರೆ ಒಳ್ಳೆಯದೇ, ಅದಕ್ಕೆ ಷರತ್ತು ಕಡಿಮೆ. ಆದರೆ ಟಿ-ಶರ್ಟ್, ಬಹುಮಾನ, ಬಫೆ ಎಲ್ಲ ಕಳೆದ ಮೇಲೆ ಉಳಿಯುವುದನ್ನು ನೋಡಿ ಮಾತಾಡಿ. ನನ್ನನ್ನು ಕೇಳಿದರೆ, ಟೂರ್ನಮೆಂಟ್‌ಗೆ ಓಡಾಡುವ ಶಕ್ತಿಯಲ್ಲಿ ಅರ್ಧವನ್ನು ಒಂದು ಒಳ್ಳೆಯ ಮೂರು ವರ್ಷದ ಪ್ರಸ್ತಾವ ಬರೆಯಲು ಹಾಕಿ.

ಈಗ ಖರ್ಚು. ಟ್ರಸ್ಟ್‌ಗಳು ತರುವ ಮೊದಲ ಬಜೆಟ್‌ನಲ್ಲಿ ಮೇಲೆ ಇರುವುದು ಪ್ಯಾರಾಗಾಲ್ಫರ್. ಮೂರು ಚಕ್ರದ ಯಂತ್ರ ಅದು, ಕಾಲಿಗೆ ಶಕ್ತಿ ಇಲ್ಲದವರನ್ನು ಬೆಲ್ಟ್ ಕಟ್ಟಿ ಎದ್ದು ನಿಲ್ಲಿಸುತ್ತದೆ. ನಿಂತು ಸ್ವಿಂಗ್ ಮಾಡಬಹುದು. ನೋಡಿದವರಿಗೆ ಮೈ ಜುಮ್ ಅನ್ನುತ್ತದೆ, ಸುಳ್ಳಲ್ಲ. ಆದರೆ ಹೊರದೇಶದಿಂದ ಬರಬೇಕು, ಲಕ್ಷಗಟ್ಟಲೆ ಬೆಲೆ, ಮೇಲೆ ಕಸ್ಟಮ್ಸ್. ಒಂದು ಬಿಡಿಭಾಗ ಕೆಟ್ಟರೆ ಅದು ಬರುವ ತನಕ ಯಂತ್ರ ಶೆಡ್ಡಿನಲ್ಲಿ. ಮೊದಲ ವರ್ಷಕ್ಕೆ ಇದು ಬೇಡ. ಡ್ರೈವಿಂಗ್ ರೇಂಜ್‌ನ (ದೂರ ಹೊಡೆಯುವುದನ್ನು ಅಭ್ಯಾಸ ಮಾಡುವ ಜಾಗ) ಮ್ಯಾಟ್ ಮೇಲೆ, ಬ್ರೇಕ್ ಬಿಗಿಯಾಗಿ ಹಾಕಿದ ಗಟ್ಟಿ ವ್ಹೀಲ್‌ಚೇರ್‌ನಲ್ಲಿ, ಎದೆಗೆ ಬೆಲ್ಟ್ ಕಟ್ಟಿಕೊಂಡು, ಎತ್ತರಕ್ಕೆ ತಕ್ಕಂತೆ ಮಾಡಿಸಿದ ಸ್ಟಿಕ್ ಹಿಡಿದು ಕಲಿಯಲು ಶುರು ಮಾಡಬಹುದು. ಪಟಿಂಗ್‌ಗಂತೂ (ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಹಾಕುವುದು) ವಿಶೇಷ ಸಲಕರಣೆ ಬೇಕಾಗುವುದೇ ಕಡಿಮೆ.

ನಿಜವಾದ ಖರ್ಚು ಇರುವುದು ರಸ್ತೆಯಲ್ಲಿ. ಕೆಂಗೇರಿಯಲ್ಲಿರುವ ಒಬ್ಬರು ದೊಮ್ಮಲೂರಿನ ಹತ್ತಿರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನಕ್ಕೆ ಬರಬೇಕು ಎಂದುಕೊಳ್ಳಿ. ಕೆಂಗೇರಿಯಿಂದ ಇಂದಿರಾನಗರದ ತನಕ ನೇರಳೆ ಮೆಟ್ರೊ ಇದೆ, ಲಿಫ್ಟ್ ಇದೆ, ಪರವಾಗಿಲ್ಲ. ಅಲ್ಲಿಂದ ಮುಂದಿನ ಕೆಲವು ಕಿಲೋಮೀಟರ್ ಇದೆಯಲ್ಲ, ಕಾರ್ಯಕ್ರಮಗಳು ಸೋಲುವುದು ಅಲ್ಲಿ. ಫುಟ್‌ಪಾತ್ ಇದ್ದರೆ ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಆಟೊದಲ್ಲಿ ವ್ಹೀಲ್‌ಚೇರ್ ಹಿಡಿಸುವುದಿಲ್ಲ. (ಗಾಲ್ಫ್ ಮೈದಾನ ಇರುವುದು ಚಲ್ಲಘಟ್ಟದಲ್ಲಿ, ಆದರೆ ಮೆಟ್ರೊದ ಚಲ್ಲಘಟ್ಟ ನಿಲ್ದಾಣ ಬೇರೆಯೇ ಜಾಗ, ಕೆಂಗೇರಿಯ ಆಚೆ. ಹೊಸ ಸ್ವಯಂಸೇವಕರಿಗೆ ಇದನ್ನು ಮೊದಲೇ ಹೇಳಿಬಿಡಿ.) ಹಾಗಾಗಿ ರ‍್ಯಾಂಪ್ ಇರುವ ವ್ಯಾನ್ ಬಾಡಿಗೆ, ಡ್ರೈವರ್, ಹತ್ತಿಸಿ ಇಳಿಸುವ ಒಬ್ಬ ಸಹಾಯಕ, ಡೀಸೆಲ್, ಇವು ಬೇಕೇ ಬೇಕು. ಅದರ ನಂತರ ಕೋಚ್, ಫಿಸಿಯೊ, ರೇಂಜ್ ಚೆಂಡು, ವಿಮೆ, ತಿಂಡಿ. ಆಟಗಾರರ ಸ್ಟಿಕ್ ಚೀಲ ಹೊರುವ ಕ್ಯಾಡಿಗಳ ದಿನಗೂಲಿ ಮರೆಯಬೇಡಿ. ಅಂಧ ಆಟಗಾರರಿಗೆ ದಿಕ್ಕು ಹೇಳುವ ಕೆಲಸಕ್ಕೆ ಒಬ್ಬ ಅನುಭವಿ ಕ್ಯಾಡಿಯಷ್ಟು ಒಳ್ಳೆಯ ಕಣ್ಣು ಬೇರೆ ಸಿಗುವುದಿಲ್ಲ, ಅವರ ಸಮಯಕ್ಕೂ ಬೆಲೆ ಇದೆ. ಬರುವ ಆಟಗಾರರಲ್ಲಿ ದಿನಗೂಲಿಯವರು ಇದ್ದರೆ ಅವರಿಗೆ ಒಂದು ಮಧ್ಯಾಹ್ನ ಅಂದರೆ ಅರ್ಧ ದಿನದ ದುಡಿಮೆ. ಅದಕ್ಕೊಂದು ಭತ್ಯೆ ಇಡಿ.

ಇಲ್ಲಿ ಕಂಪನಿಯವರು ಒಂದು ಮಾತು ತೆಗೆಯುತ್ತಾರೆ: "ಸಂಬಳ ಎಲ್ಲ ಅಡ್ಮಿನ್ ಖರ್ಚು, ಶೇ 5ಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ." ಈ ತಪ್ಪು ತಿಳಿವಳಿಕೆಯಿಂದ ಮುಚ್ಚಿಹೋಗುವ ಕಾರ್ಯಕ್ರಮಗಳು ಕಡಿಮೆಯಲ್ಲ. ನಿಯಮದ ಶೇ 5 ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಅದರ ಮೇಲೆ ಕಣ್ಣಿಡಲು ನೇರವಾಗಿ ಆಗುವ ಖರ್ಚು ಆ ಮಿತಿಯೊಳಗೆ ಬರುವುದೇ ಇಲ್ಲ. ವ್ಯಾನ್ ಡ್ರೈವರ್ ಯೋಜನೆಯ ಖರ್ಚು. ಕೋಚ್ ಯೋಜನೆಯ ಖರ್ಚು. ಬಜೆಟ್‌ನಲ್ಲಿ "ಸಿಬ್ಬಂದಿ ವೆಚ್ಚ" ಎಂದು ಒಂದೇ ಸಾಲು ಹಾಕಿದರೆ ಯಾರಿಗಾದರೂ ಅಡ್ಮಿನ್ ಅನಿಸುತ್ತದೆ. "ಆಟಗಾರರ ಸಾಗಣೆ: ಡ್ರೈವರ್, ಸಹಾಯಕ, ವಾರಕ್ಕೆ ಎರಡು ದಿನ" ಎಂದು ಬಿಡಿಸಿ ಬರೆಯಿರಿ. ಖರ್ಚು ಅದೇ, ಆದರೆ ಇದಕ್ಕೆ ಸಹಿ ಬೀಳುತ್ತದೆ.

ಒಂದು ವರ್ಷಕ್ಕೆ ಕೇಳಬೇಡಿ ಎಂದೂ ಹೇಳುತ್ತೇನೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ನಡೆಯುವ ಯೋಜನೆಗೆ ಸಿಎಸ್‌ಆರ್ ನಿಯಮದಲ್ಲೇ ಜಾಗವಿದೆ. ಕಂಪನಿಯ ಬೋರ್ಡ್ ಅದನ್ನು ಮುಂದುವರಿಯುವ ಯೋಜನೆ ಎಂದು ಒಪ್ಪಿಕೊಂಡರೆ, ಆ ವರ್ಷ ಉಳಿದ ಹಣವನ್ನು ಮಾರ್ಚ್ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷದಲ್ಲಿ ನಿಮಗೇ ಖರ್ಚು ಮಾಡಬಹುದು. ಒಪ್ಪಿಕೊಳ್ಳದಿದ್ದರೆ ಉಳಿದದ್ದು ಸರ್ಕಾರ ಸೂಚಿಸಿದ ನಿಧಿಗೆ ಹೋಗುತ್ತದೆ. ಮಾರ್ಚ್ 20ಕ್ಕೆ ಫೋನ್ ಮಾಡಿ "ಹತ್ತು ದಿನದಲ್ಲಿ ಖರ್ಚು ತೋರಿಸಿ" ಅನ್ನುವ ಕಂಪನಿಗಳ ದುಡ್ಡಿನಲ್ಲಿ ಕಾರ್ಟ್ ಕೊಳ್ಳಬಹುದು, ಕೋಚ್ ಇಟ್ಟುಕೊಳ್ಳಲು ಆಗುವುದಿಲ್ಲ. ಪ್ರಸ್ತಾವ ಕೊಡಲು ಏಪ್ರಿಲ್, ಮೇ ಒಳ್ಳೆಯ ಕಾಲ.

ಕಾರ್ಟ್ ಕೊಂಡರೂ ಅದು ಯಾರ ಹೆಸರಿನಲ್ಲಿ ಇರಬೇಕು ಅನ್ನುವುದು ಮುಖ್ಯ. ಮೈದಾನದಲ್ಲೇ ಇರುತ್ತೆ, ಕ್ಲಬ್ ಹೆಸರಿನಲ್ಲೇ ಇರಲಿ ಬಿಡಿ ಅನ್ನುತ್ತಾರೆ. ಹಾಗೆ ಸುಮ್ನೆ ಬಿಡಲು ಬರುವುದಿಲ್ಲ. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿ ಸಿಎಸ್‌ಆರ್ ನೋಂದಣಿ ಇರುವ ಸೇವಾ ಸಂಸ್ಥೆ, ಫಲಾನುಭವಿಗಳ ಗುಂಪು ಅಥವಾ ಸರ್ಕಾರಿ ಪ್ರಾಧಿಕಾರದ ಹೆಸರಿನಲ್ಲಿ ಇರಬೇಕು. ಸದಸ್ಯರ ಮನರಂಜನೆಗಾಗಿ ಇರುವ ಕ್ಲಬ್ ಇವುಗಳಲ್ಲಿ ಯಾವುದೂ ಅಲ್ಲ. ಹಾಗಾಗಿ ಕಾರ್ಟ್ ಟ್ರಸ್ಟ್‌ನ ಆಸ್ತಿ ಪುಸ್ತಕದಲ್ಲಿ ಇರಲಿ, ಕ್ಲಬ್ ಜೊತೆ ಅದನ್ನು ಇಡುವ ಒಪ್ಪಂದ ಮಾಡಿಕೊಳ್ಳಿ. ಚಾರ್ಜಿಂಗ್ ಯಾರದು, ಸದಸ್ಯರು ಬಳಸಬಹುದೇ, ಎಲ್ಲ ಬರೆದಿರಲಿ.

ಕ್ಲಬ್‌ನಿಂದ ಕೇಳಬೇಕಾದ್ದು ದುಡ್ಡಲ್ಲ, ಸಮಯ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಹಳೆಯ ಕ್ಲಬ್‌ಗಳಿರುವ ಊರು ನಮ್ಮದು. ಇಂಥ ಕಡೆ ತೀರ್ಮಾನ ಆಗುವುದು ಕಮಿಟಿಯಲ್ಲಿ, ಕಮಿಟಿ ವರ್ಷ ವರ್ಷ ಬದಲಾಗುತ್ತದೆ. ಈಗಿನ ಕ್ಯಾಪ್ಟನ್ "ಬನ್ನಿ, ಆಡಿ" ಎಂದರೆ ಸಂತೋಷಪಡಿ, ಆದರೆ ಪತ್ರ ತೆಗೆದುಕೊಳ್ಳಿ. ಯಾವ ವಾರ, ಎಷ್ಟು ಹೊತ್ತು, ಮಳೆ ಬಂದರೆ ಬದಲಿ ದಿನ ಯಾವುದು, ವ್ಹೀಲ್‌ಚೇರ್ ಹೋಗುವ ಶೌಚಾಲಯ ಎಲ್ಲಿ. ಗ್ರೀನ್ (ಗುಳಿಯ ಸುತ್ತಲಿನ ನುಣುಪಾದ ಹುಲ್ಲು) ಹಾಳಾಗುತ್ತದೆ ಎಂಬ ಭಯ ಇದ್ದೇ ಇರುತ್ತದೆ. ಮೊದಲ ವರ್ಷ ರೇಂಜ್ ಮತ್ತು ಅಭ್ಯಾಸದ ಪಟಿಂಗ್ ಗ್ರೀನ್ ಸಾಕು ಎಂದು ನೀವೇ ಹೇಳಿದರೆ ಅರ್ಧ ಜಗಳ ಮುಗಿಯಿತು. ಹಾಂ, ಕ್ಲಬ್ ಅಥವಾ ಕಂಪನಿ ಬಿಟ್ಟಿ ಕೊಟ್ಟ ಸೌಲಭ್ಯಕ್ಕೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಎಂದು ತೋರಿಸಲು ಆಗುವುದಿಲ್ಲ.

ಹೊಸ ಟ್ರಸ್ಟ್ ಮಾಡಿ ಕೂಡಲೇ ಸಿಎಸ್‌ಆರ್‌ಗೆ ಓಡುವವರಿಗೆ ಒಂದು ತಡೆ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 12ಎ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ವಿನಾಯಿತಿ) ನೋಂದಣಿ ಬೇಕು, ಸಿಎಸ್‌ಆರ್-1 ಫಾರ್ಮ್ ಸಲ್ಲಿಸಿ ನಂಬರ್ ಪಡೆಯಬೇಕು, ಮೂರು ವರ್ಷ ಇಂಥದ್ದೇ ಕೆಲಸ ಮಾಡಿದ ದಾಖಲೆ ಇರಬೇಕು. ಅದಕ್ಕಾಗಿ ಕಾಯುವ ಬದಲು ಆಗಲೇ ನೆಲೆ ಇರುವ ಸಂಸ್ಥೆಯ ಜೊತೆ ಸೇರಿ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) 1959ರಿಂದ ಇದೆ. ಸಮರ್ಥನಂ ಅಂಧರ ಕ್ರಿಕೆಟ್ ಕಟ್ಟಿದ ಸಂಸ್ಥೆ. ಇಂಥ ಕಡೆ ಆಟಗಾರರೂ ಇರುತ್ತಾರೆ, ಲೆಕ್ಕ ಬರೆಯುವವರೂ ಇರುತ್ತಾರೆ.

ಬಿಡಿ ದಾನಿಗಳ ವಿಷಯ ಬೇಗ ಮುಗಿಸುತ್ತೇನೆ. 80ಜಿ ರಸೀದಿಗೆ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೂ ಇಲ್ಲ. ಯಾರೋ ಹಳೆಯ ಗಾಲ್ಫ್ ಸೆಟ್ ಕೊಟ್ಟರೆ ಥ್ಯಾಂಕ್ಸ್ ಹೇಳಿ, 80ಜಿ ರಸೀದಿ ಕೊಡಬೇಡಿ, ವಸ್ತು ದಾನಕ್ಕೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿರುವ ಮಗ, ಅಳಿಯ ಕಳಿಸುವ ದುಡ್ಡಿನಲ್ಲಿ ಮಾತ್ರ ಹುಷಾರು. ಅವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿ ಮುಟ್ಟುವಂತಿಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ.

ಕೊನೆಗೆ ವರದಿ. ಕಂಪನಿಗಳು ಕೇಳುವುದು "ಎಷ್ಟು ಜನ ಫಲಾನುಭವಿಗಳು?" ಒಂದೇ ದಿನ 300 ಜನರ ಕೈಗೆ ಸ್ಟಿಕ್ ಕೊಟ್ಟು ಫೋಟೊ ತೆಗೆದರೆ ಆ ಅಂಕಿ ದೊಡ್ಡದಾಗಿ ಕಾಣುತ್ತದೆ. ವರ್ಷವಿಡೀ ಬರುವ 20 ಜನರ ಕಾರ್ಯಕ್ರಮ ಅದರ ಪಕ್ಕದಲ್ಲಿ ಸಣ್ಣದು. ಹಾಗಾಗಿ ಅಳತೆಯನ್ನೇ ಬದಲಾಯಿಸಿ. 20 ಜನ, ವಾರಕ್ಕೆ ಎರಡು ದಿನ, 40 ವಾರ ಎಂದುಕೊಂಡರೆ 1,600 ಅಭ್ಯಾಸ ಸರದಿ. ಉದಾಹರಣೆಗೆ ಒಟ್ಟು ಖರ್ಚು 16 ಲಕ್ಷ ಆದರೆ ಸರದಿಗೆ 1,000 ರೂಪಾಯಿ, ಅದರಲ್ಲಿ ಸಾಗಣೆಗೆ ಎಷ್ಟು, ಕೋಚ್‌ಗೆ ಎಷ್ಟು ಎಂದು ಬಿಡಿಸಿ ತೋರಿಸಿ. ಜೊತೆಗೆ ಮೊದಲ ತಿಂಗಳು ಬಂದವರಲ್ಲಿ ಆರನೇ ತಿಂಗಳಿಗೂ ಎಷ್ಟು ಜನ ಬರುತ್ತಿದ್ದಾರೆ ಎಂಬ ಅಂಕಿ. ಈ ಎರಡನ್ನೂ ಪ್ರಸ್ತಾವದ ಮೊದಲ ಪುಟದಲ್ಲೇ ಹಾಕಿ, ಅನುಬಂಧದಲ್ಲಿ ಹಾಕಿದರೆ ಯಾರೂ ಓದುವುದಿಲ್ಲ.